ಮೂವತ್ತೇಳನೇ ನಂಬರಿನ ಪುಟ

ಗಜೇಂದ್ರಗಡದ ಹಳೇ ಬಜಾರಿನಲ್ಲಿದ್ದ ಮಲಿಕಸಾಬರ ಸೀರೆ ಅಂಗಡಿಗೆ ಒಂದು ಪದ್ಧತಿ ಇತ್ತು. ಅಂಗಡಿಯಿಂದ ನೂಲು ಒಯ್ದು ಮನೆಯಲ್ಲಿ ನೇಯ್ದು ಕೊಡುವ ಪ್ರತಿಯೊಬ್ಬರಿಗೂ ಒಂದೊಂದು ನಂಬರು. ನೂಲಿನ ಚೀಲದ ಮೇಲೆ ಆ ನಂಬರು, ಸೀರೆಗೆ ಟಾಚಣಿ ಚುಚ್ಚಿ ಸಿಕ್ಕಿಸಿದ ಚೀಟಿಯ ಮೇಲೂ ಆ ನಂಬರು. ನೇಕಾರ ಸಿಟ್ಟು ಮಾಡಿಕೊಂಡು ಬೇರೆ ಸಾಹುಕಾರನ ಕಡೆ ಹೋಗಲಿ, ಮಗ್ಗ ಬಿಚ್ಚಿಟ್ಟು ಗೋವಾಕ್ಕೆ ದುಡಿಯಲು ಹೋಗಲಿ, ನಂಬರು ಅವನದೇ. ಹತ್ತು ವರ್ಷ ಬಿಟ್ಟು ಬಂದರೂ ಅದೇ ಚೀಲ ಅವನ ಕೈಗೆ ಬರುತ್ತಿತ್ತು. ನಂಬರು ತೆಗೆಯುವುದು ಒಂದೇ ಒಂದು ಕಾರಣಕ್ಕೆ, ನೇಯುವ ಕೈ ಮಣ್ಣು ಸೇರಿದಾಗ. ಆಗ ಅಂಗಡಿಯವರೇ ಮನೆಗೆ ಹೋಗಿ ಚೀಲ ವಾಪಸು ತರುತ್ತಿದ್ದರು. ಆ ನಂಬರನ್ನು ಮತ್ತೆ ಯಾರಿಗೂ ಕೊಡುತ್ತಿರಲಿಲ್ಲ. ಮಲಿಕಸಾಬರ ತಂದೆ ಅಕ್ಬರಸಾಬರು ಹಾಕಿಕೊಟ್ಟ ಪದ್ಧತಿ ಅದು. ನೇಕಾರರ ಓಣಿಯ ಸಣ್ಣ ಮಕ್ಕಳಿಗೂ ಅದು ಗೊತ್ತಿತ್ತು.

ಮಲಿಕಸಾಬರ ಅಣ್ಣನ ಮಗ ಶಾಹೀದನಿಗೂ ಗೊತ್ತಿತ್ತು. ಗೊತ್ತಿದ್ದವನೇ ಮಾಡಿದ ಕೆಲಸ ಇದು.

ಶಾಹೀದ ಗದಗಿನಲ್ಲಿ ಎರಡು ವರ್ಷ ಕಂಪ್ಯೂಟರ್ ಕಲಿತು ಬಂದವನು. 2006ರಲ್ಲಿ ಅವನು ಅಂಗಡಿಗೊಂದು ವೆಬ್‌ಸೈಟ್ ಮಾಡುತ್ತೇನೆಂದು ಕೂತಾಗ ಕಾಕಾ ಮೂಗು ಮುರಿದರು. ಸೀರೆಯನ್ನು ಬೆರಳ ನಡುವೆ ಉಜ್ಜಿ ನೋಡದೆ, ಸೆರಗು ಬಿಚ್ಚಿಸದೆ, ಹತ್ತು ಸಲ ಬೆಲೆ ಕೇಳಿ ಎದ್ದು ಹೊರಟಂತೆ ಮಾಡದೆ ಕೊಳ್ಳುವ ಹೆಂಗಸನ್ನು ಮಲಿಕಸಾಬರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಹುಡುಗನ ಹಟಕ್ಕೆ ಸೋತು ಹೂಂ ಅಂದರು. ಶಾಹೀದ ಯಾರದೋ ಕ್ಯಾಮೆರಾ ಕಡ ತಂದು ಅರವತ್ತನಾಲ್ಕು ಮನೆಗಳ ಮಗ್ಗದ ಮುಂದೆ ಕೂತು ಬಂದ. ಒಬ್ಬೊಬ್ಬ ನೇಕಾರನಿಗೆ ಒಂದೊಂದು ಪುಟ. ಪುಟದಲ್ಲಿ ಅವನ ಫೋಟೋ, ಅವನ ಹೊಸ ಸೀರೆ. ಪುಟಗಳಿಗೆ ನಂಬರು ಬೇಕಿತ್ತು, ಅಂಗಡಿಯ ನಂಬರು ಸಿದ್ಧವಾಗಿಯೇ ಇತ್ತು, ಅದನ್ನೇ ಕೊಟ್ಟ. ಹೀಗಾಗಿ ಪುಟದ ವಿಳಾಸ ಎಂದರೆ ಅಂಗಡಿಯ ಹೆಸರು, ಅದರ ಹಿಂದೆ ಒಂದು ಓರೆಗೆರೆ, ಒಂದು ಪ್ರಶ್ನೆಯ ಚಿಹ್ನೆ, ಒಂದು ಸಮ ಚಿಹ್ನೆ, ಕೊನೆಗೆ ನಂಬರು. ಆ ಉದ್ದನೆಯ ವಿಳಾಸವನ್ನು ಸೀರೆಯ ಚೀಟಿಯ ಮೇಲೂ ಅಚ್ಚು ಹಾಕಿಸಿದ.

ಮೂವತ್ತೇಳನೇ ನಂಬರು ಮರಿಯವ್ವನದು. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಬಾಡಿಗೆಯ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಚೌಕಳಿ ಸೀರೆಯನ್ನು ಆಕೆಯಷ್ಟು ಒಪ್ಪವಾಗಿ ನೇಯುವವರು ಓಣಿಯಲ್ಲಿ ಇರಲಿಲ್ಲ. ಫೋಟೋ ತೆಗೆಯುವಾಗ ನನ್ನ ಕಡೆ ನೋಡು ಎಂದು ಶಾಹೀದ ಎಷ್ಟು ಸಲ ಹೇಳಿದರೂ ಆಕೆ ಲಾಳಿಯ ಮೇಲಿನ ಕಣ್ಣು ಎತ್ತಲಿಲ್ಲ. ಹಾಗೆಯೇ ಬಗ್ಗಿ ಕೂತಂತೆ ಫೋಟೋ ಬಂತು.

ಆಕೆಯ ಕಥೆ ಓಣಿಗೆಲ್ಲ ಗೊತ್ತಿದ್ದದ್ದೇ. ಒಬ್ಬಳೇ ಮಗಳು ಯಶೋಧರಾ. ಮುಶಿಗೇರಿಗೆ ಕೊಟ್ಟಿದ್ದಳು. ಗಂಡ ಕೈ ಮಾಡುತ್ತಿದ್ದ. 2003ರ ಬೇಸಿಗೆಯ ಒಂದು ಮಧ್ಯಾಹ್ನ ಹುಡುಗಿ ತೋಳಿನ ಮೇಲೆ ಬರೆ ಹೊತ್ತು ತವರಿಗೆ ಬಂದಾಗ ಮರಿಯವ್ವ ಬಾಗಿಲಲ್ಲೇ ನಿಂತು, ಗಂಡನ ಮನೆಗೆ ಹೋಗು ಎಂದುಬಿಟ್ಟಳು. ಒಂದು ತಂಬಿಗೆ ನೀರು ಕೂಡ ಕೊಡಲಿಲ್ಲ. ಜನ ಏನಂದಾರು ಎಂಬ ಹೆದರಿಕೆ, ಇನ್ನೇನಲ್ಲ. ಮಗಳು ಹೋದಳು, ಆದರೆ ಮುಶಿಗೇರಿಗೆ ಹೋಗಲಿಲ್ಲ. ಹತ್ತು ದಿನದ ಮೇಲೆ ಅಳಿಯ ಹುಡುಕಿಕೊಂಡು ಬಂದಾಗಲೇ ಅದು ಮರಿಯವ್ವನಿಗೆ ತಿಳಿದದ್ದು. ಹುಬ್ಬಳ್ಳಿ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರು, ಅಷ್ಟೇ. ಅಂದಿನಿಂದ ಮರಿಯವ್ವ ಜನರ ಮಾತಿಗೆ ಕವಡೆಯ ಕಿಮ್ಮತ್ತು ಕೊಡುವುದನ್ನು ಬಿಟ್ಟಳು. ಅದೇ ಬುದ್ಧಿ ಆ ಮಧ್ಯಾಹ್ನ ಬಂದಿದ್ದರೆ ಎಂದು ಓಣಿಯ ಹೆಂಗಸರು ಹೇಳುವುದಿತ್ತು. ಹೇಳುವವರಿಗೇನು, ಅವರೇ ಅಲ್ಲವೇ ಆ ಜನ.

ವೆಬ್‌ಸೈಟ್ ಒಂದು ವರ್ಷ ತಣ್ಣಗೆ ಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಇಂಥ ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ಫರ್ದೀನ ಎಂಬ ಗೆಳೆಯ ಅದನ್ನು ನೋಡಿ ನಕ್ಕ. ಜನ ಇಂಟರ್‌ನೆಟ್ಟಿನಲ್ಲಿ ಏನು ಬೇಕಾದರೂ ಹುಡುಕುವುದು ಸರ್ಚ್ ಇಂಜಿನ್ ಮೂಲಕ. ಆ ಸರ್ಚ್ ಇಂಜಿನ್ ನಿನ್ನ ವಿಳಾಸದ ಪ್ರಶ್ನೆ ಚಿಹ್ನೆ ಕಂಡ ಕೂಡಲೇ ಬಾಗಿಲಿನಿಂದಲೇ ವಾಪಸು ಹೋಗುತ್ತದೆ ಎಂದ. ಮೂವತ್ತೇಳು ಎಂದರೆ ಅದಕ್ಕೇನು ತಿಳಿಯಬೇಕು? ವಿಳಾಸದಲ್ಲಿ ಮಾತುಗಳಿರಬೇಕು, ನೇಕಾರರ ಹೆಸರು, ಊರ ಹೆಸರು. ಸೈಟಿನಲ್ಲಿ ಒಂದು ಸಣ್ಣ ಕಡತ ಇಟ್ಟು ಅದರಲ್ಲಿ ನಿಯಮ ಬರೆದರಾಯಿತು. ಹೊರಗಿನವರಿಗೆ ಹೆಸರು ಕಾಣುತ್ತದೆ, ಒಳಗಿನ ಯಂತ್ರ ಎಂದಿನಂತೆ ನಂಬರು ಹಿಡಿದೇ ಪುಟ ತೆಗೆದುಕೊಡುತ್ತದೆ.

ಶಾಹೀದನಿಗೆ ಕುಣಿಯುವಷ್ಟು ಹುರುಪು ಬಂತು. ಯಾರ ಹೆಸರು ಹೇಗೆ ಬರೆಯಬೇಕೆಂದು ಕೇಳಲು ಮನೆಮನೆಗೆ ಹೋದ. ಮರಿಯವ್ವ ಅವನ ಮಾತು ಕೇಳುತ್ತ ಕೇಳುತ್ತ ಮಗ್ಗ ನಿಲ್ಲಿಸಿದಳು.

“ಕಂಪ್ಯೂಟರಿನ್ಯಾಗ ನನ್ನ ಹೆಸರ ಬಡದ್ರ ಈ ಪುಟಾ ಬರತೈತೇನಪಾ? ಯಾ ಊರಾಗ ಕುಂತ ಬಡದ್ರೂ?”

“ಯಾ ಊರಾಗ ಕುಂತ್ರೂ ಬರತೈತಿ, ಯವ್ವಾ.”

“ಹಂಗಾರ ನನ್ನ ಹೆಸರ ಹಾಕು. ನಂಬರ ನಮ್ಮ ಯಶೋಧಾ ಮರ್ತಿರಬೇಕು. ಅವ್ವನ ಹೆಸರ ಮರ್ಯಾಂಗಿಲ್ಲ.”

ಆಮೇಲೆ ಇನ್ನೊಂದು ಮಾತು ಹೇಳಿದಳು. ಪ್ರತಿ ಹೊಸ ಸೀರೆಯನ್ನೂ ತಪ್ಪದೆ ಪುಟಕ್ಕೆ ಹಾಕಬೇಕು, ಕೆಳಗೆ ತಿಂಗಳು, ವರ್ಷ ಬರೆಯಬೇಕು. ಮಗಳು ಎಂದಾದರೂ ನೋಡಿದರೆ ಅವ್ವ ಇದ್ದಾಳೆ, ನೇಯುತ್ತಿದ್ದಾಳೆ ಎಂದು ತಿಳಿಯಲಿ. ಬಾ ಎಂದು ಬರೆಯಲೇ ಎಂದು ಶಾಹೀದ ಕೇಳಿದ. ಬೇಡ ಎಂದಳು. ಹೋಗು ಅಂದ ಬಾಯಿಂದ ಬಾ ಎನ್ನುವುದನ್ನು ಕಾಗದದಲ್ಲೋ ಕಂಪ್ಯೂಟರಿನಲ್ಲೋ ಹೇಳಬಾರದು, ಎದುರಿಗೇ ಹೇಳಬೇಕು ಎಂಬುದು ಆಕೆಯ ಲೆಕ್ಕ.

2007ರ ಆಗಸ್ಟಿನ ಒಂದು ಶುಕ್ರವಾರ ಕೆಲಸ ಮುಗಿಯಲು ಬಂತು. ಅರವತ್ತನಾಲ್ಕು ಹೆಸರುಗಳೂ ಕೂತಿದ್ದವು. ಉಳಿದದ್ದು ಹಳೇ ವಿಳಾಸಗಳ ಪ್ರಶ್ನೆ. ಒಂದೇ ಪುಟ ಎರಡು ವಿಳಾಸದಲ್ಲಿ ತೆರೆದುಕೊಂಡರೆ ಸರ್ಚ್ ಇಂಜಿನ್ ಗೊಂದಲಕ್ಕೆ ಬೀಳುತ್ತದೆ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ತಾನಾಗಿ ಕಳಿಸುವಂತೆ ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಾಲು ಬರೆ ಎಂದು ಫರ್ದೀನ ಫೋನಿನಲ್ಲಿ ಹೇಳಿದ್ದ. ಅರವತ್ತನಾಲ್ಕು ಸಾಲು. ಶಾಹೀದ ಗಡಿಯಾರ ನೋಡಿದ. ನಮಾಜಿನ ಹೊತ್ತಾಗಿತ್ತು, ಅದು ಮುಗಿದ ಕೂಡಲೇ ರಾಜೂರಿನಲ್ಲಿ ನೆಂಟರ ಮದುವೆಯ ಊಟ. ಹಳೇ ವಿಳಾಸವನ್ನು ಯಾವ ಪುಣ್ಯಾತ್ಮ ನೋಡುತ್ತಾನೆ, ಚೀಟಿಯನ್ನೂ ಹೊಸದಾಗಿ ಅಚ್ಚು ಹಾಕಿಸುತ್ತೇವಲ್ಲ ಎಂದುಕೊಂಡ. ಸಾಲು ಬರೆಯುವ ಗೋಜಿಗೆ ಹೋಗದೆ ಹಳೇ ವಿಳಾಸಗಳನ್ನೆಲ್ಲ ಮುಚ್ಚಿಬಿಟ್ಟ. ಮುಚ್ಚಿದ ಜಾಗದಲ್ಲಿ ಇಂಗ್ಲಿಷಿನ ಒರಟು ಸೂಚನೆ ಕಾಣುವುದು ಬೇಡವೆಂದು ಚಂದದ ಅಕ್ಷರದಲ್ಲಿ ಕನ್ನಡದ ಒಂದು ಸಾಲನ್ನು ಚಿತ್ರವಾಗಿ ಮಾಡಿ ಹಾಕಿದ: ಈ ನಂಬರು ಈಗ ನಮ್ಮ ಅಂಗಡಿಯಲ್ಲಿ ಇಲ್ಲ. ಅಷ್ಟು ಮಾಡಿ ಟೋಪಿ ಹಾಕಿಕೊಂಡು ಹೊರಟ. ತಾನು ಬರೆದದ್ದನ್ನು ಒಮ್ಮೆ ಓಣಿಯವರ ಕಣ್ಣಿನಿಂದ ಓದಿದ್ದರೂ ಸಾಕಿತ್ತು. ಮದುವೆಯೂಟದ ಹಸಿವಿನ ಮುಂದೆ ಅದೆಲ್ಲಿ ಹೊಳೆಯಬೇಕು!

ಆಮೇಲೆ ಎರಡು ವರ್ಷ ಮರಿಯವ್ವ ಸೀರೆ ತಂದು ಕೊಟ್ಟಾಗಲೆಲ್ಲ ದುಡ್ಡಿನ ಗಲ್ಲೆಯ ಪಕ್ಕದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು. ಯಾರಾದರೂ ನೋಡಿದ್ದಾರೆಯೇ? ಶಾಹೀದ ಹೊಸ ವಿಳಾಸದ ಲೆಕ್ಕ ತೆಗೆದು ಹೇಳುತ್ತಿದ್ದ. ಪುಣೆಯಿಂದ ಒಬ್ಬರು, ಬೆಳಗಾವಿಯಿಂದ ಇಬ್ಬರು. ಸೀರೆಗೆ ಬೇಡಿಕೆಯೂ ಬರತೊಡಗಿತ್ತು, ಕಾಕಾ ಈಗ ಸೈಟನ್ನು ತಾವೇ ಮಾಡಿದಂತೆ ಊರೆಲ್ಲ ಹೊಗಳಿಕೊಳ್ಳುತ್ತಿದ್ದರು. ಮರಿಯವ್ವನಿಗೆ ಬೇಡಿಕೆ ಬೇಕಿರಲಿಲ್ಲ. ನೋಡಿದವರಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಕೇಳುತ್ತಿದ್ದಳು. ಅದು ಕಂಪ್ಯೂಟರಿಗೆ ತಿಳಿಯುವುದಿಲ್ಲ ಎಂದರೆ, ಹಾಗಾದರೆ ಅದೆಂಥ ಕಂಪ್ಯೂಟರು ಎಂದು ಬೈದು ನೂಲಿನ ಚೀಲ ಎತ್ತಿಕೊಂಡು ಹೋಗುತ್ತಿದ್ದಳು. ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದನ್ನು ನೋಡಲಾಗದೆ ಶಾಹೀದ ಒಮ್ಮೊಮ್ಮೆ ಲೆಕ್ಕದಲ್ಲಿ ಇಲ್ಲದ ಊರುಗಳನ್ನೂ ಸೇರಿಸಿ ಹೇಳುತ್ತಿದ್ದ.

2009ರ ಮೇ ತಿಂಗಳಲ್ಲಿ ಮರಿಯವ್ವನಿಗೆ ಜ್ವರ ಬಂತು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ, ಐದನೆಯ ದಿನ ಪಕ್ಕದ ಮನೆಯವರು ದವಾಖಾನೆಗೆ ಒಯ್ದರು, ಏಳನೆಯ ದಿನ ತೀರಿಕೊಂಡಳು. ಮಗ್ಗದ ಮೇಲೆ ಅರ್ಧ ಸೀರೆ ಹಾಗೆಯೇ ಇತ್ತು. ಶಾಹೀದನೇ ಹೋಗಿ ಚೀಲ ತಂದ. ಮಲಿಕಸಾಬರು ಲೆಕ್ಕದ ಪುಸ್ತಕದಲ್ಲಿ ಮೂವತ್ತೇಳನ್ನು ಹೊಡೆದುಹಾಕಿ, ನಿನ್ನ ಕಂಪ್ಯೂಟರಿನಿಂದಲೂ ತೆಗೆ ಎಂದರು. ಶಾಹೀದ ಹೂಂ ಅಂದ, ತೆಗೆಯಲಿಲ್ಲ. ಮಗಳು ನೋಡುವವರೆಗೆ ಇರಲಿ ಎಂದು ಬದುಕಿದ್ದಾಗ ಆಕೆ ಎಷ್ಟು ಸಲ ಹೇಳಿದ್ದಳು! ಬಗ್ಗಿ ಕೂತ ಆ ಫೋಟೋ, ಅದರ ಕೆಳಗೆ ಏಪ್ರಿಲ್ 2009ರ ಸೀರೆ, ಎರಡೂ ಹಾಗೆಯೇ ಉಳಿದವು.

ಅಕ್ಟೋಬರಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರಿನ ಕಡೆ ಊರೂರೇ ನೀರಿನಲ್ಲಿ ನಿಂತವು. ದೀಪಾವಳಿ ಕಳೆದು ವಾರವಾದ ಮೇಲೆ, ದಾರಿಗಳೆಲ್ಲ ತೆರೆದುಕೊಂಡ ಒಂದು ಮುಂಜಾನೆ, ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ನಿಂತಳು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಕೈಯಲ್ಲಿ ಒಂದು ಚೀಲ, ಗೇರುಬೀಜದ ಪೊಟ್ಟಣ. ಮುಖದಲ್ಲಿ ನಗು ಬರಲೋ ಬೇಡವೋ ಎನ್ನುವಂತಿತ್ತು. ತಾನು ಮೂವತ್ತೇಳನೇ ನಂಬರಿನವರ ಮಗಳು ಎಂದಳು. ಶಾಹೀದ ಕೂತಲ್ಲಿಂದ ಎದ್ದು ನಿಂತ.

ಬಸ್ ಸ್ಟ್ಯಾಂಡಿನಿಂದ ನೇರವಾಗಿ ಅಂಗಡಿಗೇ ಬಂದಿದ್ದಳಂತೆ. ಮನೆಗೆ ಒಬ್ಬಳೇ ಹೋಗಲು ಅಂಜಿಕೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ಬೇಡ ಅಂದುಬಿಟ್ಟರೆ? ಎದುರಿಗೆ ಹೋದರೆ ಅವ್ವ ಹಾಗೆ ಅನ್ನಲಾರಳು.

“ನೀವೊಂದೀಟ ಮುಂದ ಬರ್ರಿ, ಅಣ್ಣಾ. ನಿಮ್ಮ ಮುಂದ ಆಕಿ ಬೈಯಾಂಗಿಲ್ಲ.”

ಶಾಹೀದ ಆಕೆಯನ್ನು ಒಳಗೆ ಕರೆದು ಕೂರಿಸಿದ. ನೀರು ಕೊಟ್ಟ. ಆಕೆ ಕುಡಿಯುವವರೆಗೆ ತಡೆದ. ಇನ್ನು ತಡೆಯುವುದು ಪಾಪ ಎನಿಸಿತು.

“ಯಶೋಧರಾ, ಅವ್ವ ತೀರಿಕೊಂಡ್ರು. ಮೇ ತಿಂಗಳದಾಗ.”

ಆಕೆ ಅಳಲಿಲ್ಲ. ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟಳು.

“ಯಾ ವರ್ಷದ ಮೇ?”

ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಶಾಹೀದ ತಬ್ಬಿಬ್ಬಾದ. ಈ ವರ್ಷದ್ದು ಎಂದ. ಆಗ ಆಕೆ ತನ್ನ ಕಥೆ ಹೇಳಿದಳು.

ಇಷ್ಟು ವರ್ಷವೂ ಗೋವಾದ ವಾಸ್ಕೋದಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. 2007ರ ಯುಗಾದಿಯ ಹೊತ್ತಿಗೆ ಮನೆಯೊಡತಿ ಎಲ್ಲಿಯದೋ ಪ್ರದರ್ಶನದಲ್ಲಿ ಒಂದು ಚೌಕಳಿ ಸೀರೆ ಕೊಂಡು ತಂದಳು. ಚೀಟಿ ನೋಡುವ ಮೊದಲೇ ಯಶೋಧರಾಳ ಕೈಗೆ ಗೊತ್ತಾಗಿತ್ತು, ಅದು ಅವ್ವನ ನೇಯ್ಗೆ. ಚೀಟಿಯ ಮೇಲೆ ಮೂವತ್ತೇಳು, ಅದರ ಕೆಳಗೆ ಉದ್ದನೆಯ ವಿಳಾಸ. ಅದನ್ನು ಹಿಡಿದುಕೊಂಡು ನೆಟ್ ಅಂಗಡಿಗೆ ಹೋದಳು. ಅಲ್ಲಿದ್ದವನು ವಿಳಾಸ ಬಡಿದುಕೊಟ್ಟ, ಅವ್ವ ಬಂದಳು. ಅಂದಿನಿಂದ ಪ್ರತಿ ಭಾನುವಾರ ಹೋಗಿ ಅರ್ಧ ತಾಸು ಆ ಫೋಟೋದ ಮುಂದೆ ಕೂತು ಬರುತ್ತಿದ್ದಳು. ಮೊದಮೊದಲು ಸಿಟ್ಟಿನಿಂದ ನೋಡುತ್ತಿದ್ದಳಂತೆ. ಬರಬರುತ್ತ ಸಿಟ್ಟು ಸವೆಯಿತು. ನಾಗರ ಪಂಚಮಿ ಮುಗಿದ ಮೇಲೆ ರಜೆ ಕೇಳಿ ಊರಿಗೆ ಹೋಗಿಯೇ ಬಿಡುವುದೆಂದು ಗಟ್ಟಿಮನಸ್ಸು ಮಾಡಿದಳು. ಪಂಚಮಿ ಇದ್ದದ್ದು ಶಾಹೀದ ಹಳೇ ವಿಳಾಸ ಮುಚ್ಚಿದ ಆ ಶುಕ್ರವಾರದ ಮರುದಿನ, ಶನಿವಾರ. ಮಾರನೆಯ ದಿನ ನೆಟ್ ಅಂಗಡಿಗೆ ಹೋದರೆ ಅವ್ವನ ಜಾಗದಲ್ಲಿ ಚಂದದ ಅಕ್ಷರದ ಆ ಸಾಲು ಇತ್ತು. ನೇಕಾರರ ಓಣಿಯಲ್ಲಿ ಬೆಳೆದವಳಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಂಗಡಿಗೆ ಒಂದು ಫೋನ್ ಮಾಡಿ ಕೇಳಬಾರದಿತ್ತೇ ಎಂದ ಶಾಹೀದ.

“ಏನಂತ ಕೇಳ್ಲಿ? ನಮ್ಮವ್ವ ಸತ್ತಾಳೇನ್ರಿ ಅಂತ ಕೇಳ್ಲೇನು?”

ಹಾಗಾಗಿ ಕೇಳಲಿಲ್ಲ. ಅಲ್ಲೇ ಅತ್ತಳು, ಅಲ್ಲೇ ಹನ್ನೊಂದನೆಯ ದಿನ ತನಗೆ ತಿಳಿದಷ್ಟು ಮಾಡಿದಳು. ಊರಿಗೆ ಬರುವ ವಿಚಾರ ಬಿಟ್ಟಳು. ಬಂದು ನೋಡುವುದು ಯಾರನ್ನು? ಎರಡು ವರ್ಷ ಕಳೆದವು. ಈ ಸೆಪ್ಟೆಂಬರಿನಲ್ಲಿ ಮನೆಯೊಡತಿಯ ಮಗಳು ತನಗೂ ಅಂಥದೇ ಸೀರೆ ಬೇಕೆಂದು ಕಂಪ್ಯೂಟರಿನಲ್ಲಿ ಗಜೇಂದ್ರಗಡದ ಸೀರೆ ಎಂದು ಬಡಿದಳು. ಎಲ್ಲಕ್ಕಿಂತ ಮೇಲೆ ಮರಿಯವ್ವನ ಹೆಸರು ಬಂತು. ಫೋಟೋದ ಕೆಳಗೆ ಏಪ್ರಿಲ್ 2009 ಎಂದಿತ್ತು. ಸತ್ತವಳು ಏಪ್ರಿಲಿನಲ್ಲಿ ಹೇಗೆ ನೇಯುತ್ತಾಳೆ? ಏನೋ ತಪ್ಪಾಗಿದೆ, ಅವ್ವ ಇದ್ದಾಳೆ ಎಂದು ತಿಳಿದು ಯಶೋಧರಾ ಆ ಮನೆಯ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳಂತೆ. ರಜೆ ಸಿಗುವಷ್ಟರಲ್ಲಿ ನೆರೆ ಬಂತು. ನೆರೆ ಇಳಿದ ಕೂಡಲೇ ಹೊರಟು ಬಂದಿದ್ದಳು.

ಮರಿಯವ್ವ ಬದುಕಿದ್ದಾಗ ಇಲ್ಲವೆಂದು ಹೇಳಿದ್ದು ಶಾಹೀದ, ಸತ್ತ ಮೇಲೆ ಇದ್ದಾಳೆಂದು ಹೇಳಿದ್ದೂ ಶಾಹೀದ. ಯಂತ್ರ ಕೆಟ್ಟಿತ್ತು ಎಂದುಬಿಟ್ಟರೆ ಆಕೆ ನಂಬುತ್ತಿದ್ದಳು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನಿಗೆ ಹಾಗೆ ಹೇಳಲಾಗಲಿಲ್ಲ. ಆ ಶುಕ್ರವಾರ, ಬರೆಯದೆ ಬಿಟ್ಟ ಸಾಲು, ಮದುವೆಯ ಊಟ, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದ. ಹೇಳಿ, ಕಪಾಟಿನಿಂದ ಹಳೇ ಸಿ.ಡಿ.ಗಳನ್ನು ತೆಗೆದ. ಸೈಟಿಗೆ ಯಾರು ಬಂದರು, ಏನು ಕೇಳಿದರು ಎಂಬುದನ್ನು ಫರ್ದೀನ ತಿಂಗಳಿಗೊಮ್ಮೆ ತುಂಬಿ ಕಳಿಸುತ್ತಿದ್ದ. ಇಲ್ಲದ ವಿಳಾಸ ಕೇಳಿ ಬಂದವರದೂ ಅದರಲ್ಲೊಂದು ಪಟ್ಟಿ ಇರುತ್ತಿತ್ತು. ಅದನ್ನು ಶಾಹೀದ ಒಂದು ದಿನವೂ ತೆರೆದು ನೋಡಿರಲಿಲ್ಲ.

ಈಗ ತೆರೆದ. 2007ರ ಆಗಸ್ಟ್ 19, ಭಾನುವಾರ. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಯಾರೋ ಮೂವತ್ತೇಳನ್ನು ಕೇಳಿದ್ದರು. ಹದಿಮೂರಕ್ಕೆ ಮತ್ತೆ. ಹದಿನಾರಕ್ಕೆ ಮತ್ತೆ. ಹನ್ನೊಂದು ಗಂಟೆ ಐದು ನಿಮಿಷದವರೆಗೆ ಹನ್ನೊಂದು ಸಲ. ಮುಂದಿನ ಭಾನುವಾರ ಮೂರು ಸಲ. ಅದರ ಮುಂದಿನ ಭಾನುವಾರ ಒಂದು ಸಲ. ಆಮೇಲೆ ಇಲ್ಲ. ಅದೇ ವಾರಗಳಲ್ಲಿ ಮರಿಯವ್ವ ಈ ಗಲ್ಲೆಯ ಪಕ್ಕದಲ್ಲಿ ನಿಂತು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದ್ದಳು. ಪುಣೆಯವರು ಒಬ್ಬರು ನೋಡಿದ್ದಾರೆ ಎಂದು ಅವನು ಹೇಳಿದ್ದ. ಶಾಹೀದನ ಕಣ್ಣಿಂದ ದಳದಳ ನೀರಿಳಿಯಿತು.

“ಬೈದಬಿಡು ತಂಗಿ. ಬೈಸ್ಕೊಳ್ಳಾಕ ಕುಂತೀನಿ.”

ಯಶೋಧರಾ ಬೈಯಲಿಲ್ಲ. ಅವನು ಹೇಳಿದ್ದು ಆಕೆಯ ಕಿವಿಗೆ ಬಿದ್ದಂತೆಯೂ ಇರಲಿಲ್ಲ. ಬೆರಳು ಮಡಿಸುತ್ತ ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದಳು.

“ಎರಡ ವರ್ಷ ಹಿರೇರ ಅಮಾಸಿಗೆ ಸತ್ತವ್ರ ಸಾಲಿನ್ಯಾಗ ಅವ್ವಗ ಎಡಿ ಹಿಡದೆ, ಅಣ್ಣಾ. ಬ್ಯಾರೆ ಯಾರದಾರ ಇಡಾವ್ರು, ನಾನ ಇಡಬೇಕಲ್ಲಾ. ಆಕಿಗೆ ಸೇರತಾವಂತ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯಾ ಮಾಡಿ, ಉಣ್ಣಬೇ ಅಂತ ಕೈ ಮುಗದೆ. ಜೀವಂತ ಇದ್ದಾಕಿಗೆ ಎಡಿ ಹಿಡದೀನಿ.” ಆಕೆ ಇನ್ನೊಂದು ಬೆರಳು ಮಡಿಸಿದಳು. “ಈ ವರ್ಷ ಅಮಾಸಿ ಇನ್ನೂ ಎಂಟ ದಿನ ಐತಿ ಅನ್ನಾಗ ಆ ಪುಟಾ ನೋಡಿದ್ನಿ. ಅವ್ವ ಅದಾಳ, ಇರಾಕಿಗೆ ಎಡಿ ಇಡಬಾರ್ದಂತ ಏನೂ ಮಾಡಲಿಲ್ಲ. ಖರೇನ ಸತ್ತ ವರ್ಷ ಆಕೀನ್ನ ಹಸದ ಕಳಿಸೀನಿ.”

ಮಲಿಕಸಾಬರು ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತರು. ಎರಡು ವರ್ಷದ ಹಿಂದೆ ವಾಸ್ಕೋದಲ್ಲಿ ಯಾವ ಅವ್ವನಿಗಾಗಿ ಅತ್ತು ಮುಗಿಸಿದ್ದಳೋ ಆ ಅವ್ವನಿಗಾಗಿ ಯಶೋಧರಾ ಮತ್ತೆ ಮೊದಲಿನಿಂದ ಅಳತೊಡಗಿದಳು.